ಫೋರ್ಕ್‌ಗೆ ‘ಕವಲು ತೆಗೆದುಕೊಳ್ಳು’, ಎಂಬೆಡ್‌ಗೆ ‘ಕೂರಿಸು’: ನಿಮ್ಮ ಕಡೆ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಗೋಣಿಕೊಪ್ಪದ ಕಡೆಯ ನಾವು ಕೆಲವು ಗೆಳೆಯರು ಕಾಫಿ ಬೆಳೆಗಾರರಿಗಾಗಿ ಮಳೆ ಲೆಕ್ಕ ಬರೆದಿಡುವ ಒಂದು ಆ್ಯಪ್ ಮಾಡುತ್ತಿದ್ದೇವೆ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ (ನೂರು ಸೆಂಟು ಅಂದರೆ ಒಂದು ಇಂಚು) ಹೇಳುವುದು. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟು ಬಿತ್ತು, ಆಮೇಲಿನ ಮಳೆ ಎಷ್ಟು ಅನ್ನುವುದನ್ನು ಗ್ರಾಫ್‌ನಲ್ಲಿ ತೋರಿಸಬೇಕಿತ್ತು. ಅದಕ್ಕೆ ಒಂದು ಒಳ್ಳೆಯ ಓಪನ್ ಸೋರ್ಸ್ ಲೈಬ್ರರಿ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಸಿದ್ಧ ಕೋಡ್) ಸಿಕ್ಕಿತು. ಆದರೆ ಅದಕ್ಕೆ ಪ್ರತ್ಯೇಕ ಸರ್ವರ್ ಬೇಕು. ತೋಟದೊಳಗೆ ನೆಟ್‌ವರ್ಕ್ ಎಲ್ಲಿದೆ? ಹಾಗಾಗಿ ಅದನ್ನು ಫೋರ್ಕ್ ಮಾಡಿ (ಅಂದರೆ ಇಡೀ ಕೋಡಿನ ನಮ್ಮದೇ ಪ್ರತಿ ಮಾಡಿಕೊಂಡು), ಸರ್ವರ್ ಭಾಗ ಕಿತ್ತುಹಾಕಿ, ಆ್ಯಪಿನೊಳಗೇ ಎಂಬೆಡ್ ಮಾಡಲು (ಒಳಗೆ ಸೇರಿಸಿ ಬಳಸಲು) ಸುಲಭವಾಗುವಂತೆ ಬದಲಿಸಿದೆವು. ಅದರ ಪರಿಚಯದ ಪುಟವನ್ನು ಕನ್ನಡದಲ್ಲಿ ಬರೆಯುವ ಕೆಲಸ ಈಗ ನನ್ನದು. ಓದುವವರಲ್ಲಿ ಪಿಯುಸಿ ಮಕ್ಕಳೂ ಇದ್ದಾರೆ, ತೋಟದವರೂ ಇದ್ದಾರೆ. ಅವರಿಗೂ ಕೂಡಲೇ ಹೊಳೆಯುವ ಮಾತು ಬೇಕು.

ಫೋರ್ಕ್‌ಗೆ ‘ಕವಲು’ ಅನ್ನುವುದರಲ್ಲಿ ಜಾಸ್ತಿ ತಕರಾರು ಇರಲಾರದು. ಒಂದೇ ಪ್ರಾಜೆಕ್ಟಿನೊಳಗೆ ಬೇರೆಯಾಗಿ ಸಾಗುವ ಬ್ರಾಂಚ್‌ಗೆ ಟಿಸಿಲು ಅಥವಾ ಕೊಂಬೆ ಅಂತ ಇಟ್ಟುಕೊಂಡರೆ ಎರಡೂ ಬೆರೆಯುವುದಿಲ್ಲ. ಕೆಲವರು ‘ಪಾಲಾಗು’ ಅಂದರು. ಅದು ಹೊಂದುವುದಿಲ್ಲ. ಪಾಲಿನಲ್ಲಿ ಅಣ್ಣನಿಗೆ ಹೋದ ಗದ್ದೆ ತಮ್ಮನಿಗಿಲ್ಲ. ಫೋರ್ಕ್‌ನಲ್ಲಿ ಇಬ್ಬರಿಗೂ ಇಡೀ ಕೋಡ್ ಇರುತ್ತದೆ.

ತೊಡಕಿರುವುದು ಕ್ರಿಯಾಪದದಲ್ಲಿ. ‘ಕವಲೊಡೆ’ ಅಂದರೆ ತಾನಾಗಿ ಎರಡಾಗುವುದು. ದಾರಿ ಕವಲೊಡೆಯುತ್ತದೆ, ಮರ ಕವಲೊಡೆಯುತ್ತದೆ. ‘ನಾವು ಕವಲೊಡೆದೆವು’ ಅಂತ ಬರೆದರೆ ನಮ್ಮ ಗುಂಪೇ ಒಡೆದ ಹಾಗೆ ಕೇಳಿಸುತ್ತದೆ, ಅಲ್ವಾ? ‘ಕವಲು ತೆಗೆ’ ಅನ್ನೋಣವೆಂದರೆ ಇಲ್ಲಿ ಬೇರೆಯೇ ಅರ್ಥ ಬರುತ್ತದೆ. ಕಾಫಿ ಗಿಡದ ಚಿಗುರು ತೆಗೆಯುವುದು ಅಂದರೆ ಬೇಡದ್ದನ್ನು ಕಿತ್ತು ಬಿಸಾಡುವುದು. ಹಾಗಾಗಿ ಬೆಳೆಗಾರರು ‘ಕವಲು ತೆಗೆದೆವು’ ಅನ್ನುವುದನ್ನು ಓದಿದರೆ ಕವಲನ್ನು ಕತ್ತರಿಸಿ ಹಾಕಿದೆವು ಅಂತಲೇ ತಿಳಿಯುತ್ತಾರೆ.

ಒಂದು ‘ಕೊಳ್ಳು’ ಸೇರಿಸಿದರೆ ಇದೆಲ್ಲ ಸರಿಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ. ‘ಕವಲು ತೆಗೆದುಕೊಂಡೆವು.’ ಕಾಳುಮೆಣಸಿನ ಬುಡದಿಂದ ಹೊರಡುವ ಹಬ್ಬು ಬಳ್ಳಿಯನ್ನು ಕತ್ತರಿಸಿ, ಚೀಲದಲ್ಲಿ ಬೇರು ಬರಿಸಿ, ಇನ್ನೊಂದು ಮರಕ್ಕೆ ಹಬ್ಬಿಸುತ್ತಾರೆ. ತಳಿ ಅದೇ, ಬೇರು ಮಾತ್ರ ತನ್ನದೇ. ತಾಯಿ ಬಳ್ಳಿ ಮೊದಲಿದ್ದ ಮರದ ಮೇಲೇ ಕಾಯಿ ಬಿಡುತ್ತಿರುತ್ತದೆ. ಪಕ್ಕದ ಮನೆಯವರು ಬಂದು ‘ಬಳ್ಳಿ ತೆಗೆದುಕೊಂಡು ಹೋಗ್ತೀನಿ’ ಅಂದರೆ ಯಾರಿಗೂ ಬೇಜಾರಿಲ್ಲ.

ಇದರಿಂದ ಇನ್ನೊಂದು ಅನುಕೂಲವೂ ಇದೆ. ಇಂಗ್ಲಿಷಿನಲ್ಲಿ ಫೋರ್ಕ್ ಎರಡು ಅರ್ಥ ಹೊತ್ತಿದೆ. ಹಳೆಯದು, ಒಂದು ಪ್ರಾಜೆಕ್ಟ್ ಎರಡಾಗಿ, ಎರಡು ಗುಂಪು ಬೇರೆ ಬೇರೆ ದಾರಿ ಹಿಡಿಯುವುದು. 2010ರಲ್ಲಿ ಓಪನ್‌ಆಫೀಸ್ ಅನ್ನುವ ಕಚೇರಿ ಕೆಲಸದ ತಂತ್ರಾಂಶದಿಂದ ಲಿಬ್ರೆಆಫೀಸ್ ಹೊರಟಿದ್ದು ಹಾಗೆ. ಇನ್ನೊಂದು, 2008ರಲ್ಲಿ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್ ಬಂದ ಮೇಲೆ ಬಳಕೆಗೆ ಬಿದ್ದದ್ದು. ಒಂದು ಬಟನ್ ಒತ್ತಿ ನಮ್ಮ ಖಾತೆಗೆ ಪ್ರತಿ ತಂದುಕೊಂಡು, ತಿದ್ದಿ, ಬೇಕಾದರೆ ಮೂಲದವರಿಗೆ ವಾಪಸ್ ಕಳಿಸುವುದು. ಮೊದಲನೆಯದಕ್ಕೆ ‘ಓಪನ್‌ಆಫೀಸ್ ಕವಲೊಡೆಯಿತು’, ಎರಡನೆಯದಕ್ಕೆ ‘ನಾನು ಕವಲು ತೆಗೆದುಕೊಂಡೆ’. ಇಂಗ್ಲಿಷಿನವರು ವಿವರಿಸಿ ಹೇಳಬೇಕಾದದ್ದನ್ನು ನಮ್ಮ ಕ್ರಿಯಾಪದವೇ ಹೇಳಿಬಿಡುತ್ತದೆ. ಇದು ನನಗೆ ತುಂಬಾ ಖುಷಿ ಕೊಟ್ಟಿದೆ.

ಇನ್ನು ಎಂಬೆಡ್. ‘ಅಡಕ’ ಅಂದರೆ ಒತ್ತಿ ಚಿಕ್ಕದು ಮಾಡಿದ ಭಾವ ಬರುತ್ತದೆ. ಸಿಡಿಗೆ ಅಡಕಮುದ್ರಿಕೆ ಅಂದದ್ದೂ ನೆನಪಾಗುತ್ತದೆ. ‘ಹುದುಗಿಸು’ ಚೆಂದದ ಪದ, ಆದರೆ ಅದರಲ್ಲಿ ಬಚ್ಚಿಡುವ ಅರ್ಥ ಇದೆ. ಮಾಹಿತಿ ಕೂಡಿಡುವ ಎಸ್‌ಕ್ಯೂಲೈಟ್ ಥರದ ಲೈಬ್ರರಿಗೆ ಅದು ಒಂದು ಮಟ್ಟಿಗೆ ಒಪ್ಪಬಹುದು. ಅದು ಆ್ಯಪಿನ ಒಳಗೇ ಸೇರಿಹೋಗುತ್ತದೆ, ಬಳಸುವವರಿಗೆ ಕಾಣುವುದೂ ಇಲ್ಲ. ಕೋಡ್ ಬರೆಯಲು ಬಳಸುವ ನಿಯೋವಿಮ್ ಎಡಿಟರಿಗೆ ಮಾತ್ರ ಒಪ್ಪುವುದಿಲ್ಲ. 2014ರಲ್ಲಿ ವಿಮ್ ಎಡಿಟರಿನಿಂದ ಕವಲೊಡೆದ ನಿಯೋವಿಮ್‌ಗೆ, ಬೇರೆ ಪ್ರೋಗ್ರಾಮ್‌ಗಳು ತನ್ನನ್ನು ಸುಲಭವಾಗಿ ಬಳಸುವಂತಾಗಬೇಕು ಅನ್ನುವುದೇ ಒಂದು ಮುಖ್ಯ ಗುರಿಯಾಗಿತ್ತು. ಅದಕ್ಕೆ ಎಂಬೆಡ್ ಅನ್ನುವ ಆಯ್ಕೆಯೇ ಇದೆ. ಅದನ್ನು ಕೊಟ್ಟು ಓಡಿಸಿದರೆ ನಿಯೋವಿಮ್ ತನ್ನ ಪರದೆ ತೆರೆಯದೆ, ಕರೆದ ಪ್ರೋಗ್ರಾಮಿನೊಂದಿಗೆ ಸಂದೇಶಗಳಲ್ಲಿ ಮಾತಾಡುತ್ತದೆ. ಬೇರೆಯಾಗಿಯೇ ಓಡುತ್ತಿರುತ್ತದೆ. ಅದನ್ನು ಹುದುಗಿಸಿದ್ದಾರೆ ಅನ್ನಲಾಗುವುದಿಲ್ಲ.

ಇಲ್ಲಿ ಮೋಟರ್ ಬಂದರೆ ‘ಕೂರಿಸಿದ್ರಾ?’ ಅಂತ ಕೇಳುತ್ತಾರೆ. ಬಾಗಿಲಿನ ಚೌಕಟ್ಟನ್ನೂ ಕೂರಿಸುತ್ತಾರೆ. ಬೇರೆ ಕಡೆ ಮಾಡಿದ್ದನ್ನು ತಂದು, ಅಳತೆಗೆ ಸರಿಯಾಗಿ, ಕೆಲಸ ಮಾಡುವ ಹಾಗೆ ನಿಲ್ಲಿಸುವುದು. ಎಂಬೆಡ್‌ಗೆ ಇದು ಸರಿಹೊಂದುತ್ತದೆ. ಇನ್‌ಸ್ಟಾಲ್ ಜೊತೆ ಬೆರೆಯದಿರಲಿ ಅಂತ ‘ಒಳಗೆ’ ಸೇರಿಸಿದ್ದೇನೆ. ಈಗ ನನ್ನ ಸಾಲು ಹೀಗಿದೆ:

“ಇದು ಮೂಲ ಲೈಬ್ರರಿಯಿಂದ ನಾವು ತೆಗೆದುಕೊಂಡ ಕವಲು. ಬೇರೆ ಆ್ಯಪ್‌ಗಳ ಒಳಗೆ ಕೂರಿಸಲು ಸುಲಭವಾಗುವಂತೆ ಬದಲಿಸಿದ್ದೇವೆ.”

ಧಾರವಾಡ, ಕಲಬುರಗಿ ಕಡೆಯವರನ್ನು ಮುಖ್ಯವಾಗಿ ಕೇಳಬೇಕು. ನಿಮ್ಮಲ್ಲಿ ಕೂರುವುದಕ್ಕೆ ‘ಕೂಡು’ ಅನ್ನುತ್ತೀರಿ. ಹಾಗಾದರೆ ಮೋಟರನ್ನೂ ‘ಕೂಡಿಸು’ ಅನ್ನುತ್ತೀರಾ? ಮರ್ಜ್ ಮಾಡುವುದಕ್ಕೆ (ಬೇರೆ ಬೇರೆಯಾಗಿ ತಿದ್ದಿದ ಕೋಡನ್ನು ಮತ್ತೆ ಒಂದು ಮಾಡುವುದಕ್ಕೆ) ‘ಕೂಡಿಸು’ ಅಂತ ಬರೆಯೋಣ ಅಂದುಕೊಂಡಿದ್ದೆ. ಒಂದೇ ಪುಟದಲ್ಲಿ ‘ಕೂರಿಸು’, ‘ಕೂಡಿಸು’ ಎರಡೂ ಬಂದರೆ ನಿಮ್ಮ ಕಡೆಯ ಓದುಗರಿಗೆ ಗೊಂದಲ ಆಗುತ್ತದೆಯೇ? ಆಗುವುದಾದರೆ ಮರ್ಜ್‌ಗೆ ‘ಬೆರೆಸು’ ಅಂತ ಬದಲಿಸುತ್ತೇನೆ.