ಡಯಟ್ ಮಾಡುವಾಗ ಯಾವ ವ್ಯಾಯಾಮ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ (ಗೋಣಿಕೊಪ್ಪದಿಂದ): ನಮಸ್ಕಾರ ಸರ್. ವಯಸ್ಸು 36. ತೂಕ 84 ಕೆಜಿ ಇತ್ತು, ಅನ್ನ ಕಡಿಮೆ ಮಾಡಿ 80ಕ್ಕೆ ಬಂದಿದ್ದೇನೆ. ಕೊಬ್ಬು ಕರಗಬೇಕಾದರೆ ಭಾರ ಇಳಿಸಿ 25 ಸಲ ಎತ್ತು ಅಂತ ಜಿಮ್‌ನಲ್ಲಿ ಹೇಳಿದರು. ಹಾಗೇ ಮಾಡಿದೆ. ಈಗ ಬಾರ್ ಹೆಗಲ ಮೇಲಿಟ್ಟು ಕೂತು ಏಳುವ ಸ್ಕ್ವಾಟ್‌ನಲ್ಲಿ ಹಳೆಯ 70 ಕೆಜಿ ಏಳುತ್ತಲೇ ಇಲ್ಲ. ಏನು ಮಾಡಲಿ?

ಉತ್ತರ (ಸ್ಟ್ರೆಂತ್ ಕೋಚ್): ಭಾರ ಇಳಿಸಬೇಡಿ, ಸೆಟ್ ಇಳಿಸಿ (ನಡುವೆ ಬಿಡುವಿಲ್ಲದೆ ಎತ್ತುವ ಒಂದು ಸುತ್ತೇ ಒಂದು ಸೆಟ್). ಊಟ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕಳೆದುಕೊಳ್ಳುತ್ತದೆ. ಕೊಬ್ಬು ಕರಗಿಸುವುದು ಊಟದ ಲೆಕ್ಕ. ವ್ಯಾಯಾಮ ಇರುವುದು ಆ ಸ್ನಾಯು ಉಳಿಸಿಕೊಳ್ಳೋಕೆ. ಹಗುರ ಭಾರವನ್ನು ಪೂರ್ತಿ ಸುಸ್ತಾಗುವ ತನಕ ಎತ್ತಿದರೂ ಸ್ನಾಯು ಉಳಿಯುತ್ತದೆ, ಸುಳ್ಳಲ್ಲ. ಆದರೆ ಅರೆಹೊಟ್ಟೆಯಲ್ಲಿ 25ರ ಸೆಟ್ ಮಾಡುವಾಗ ಕಾಲಿಗಿಂತ ಮೊದಲು ಉಸಿರು ಸೋಲುತ್ತದೆ. ಭಾರ ಎತ್ತುವ ಅಭ್ಯಾಸವೂ ತಪ್ಪುತ್ತದೆ. ನಿಮಗೆ ಆಗಿರುವುದು ಅದೇ.

ವಾರಕ್ಕೆ ಮೂರು ದಿನ ಸಾಕು. ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್, ಮಲಗಿ ಎದೆಯಿಂದ ಭಾರ ಮೇಲೆ ತಳ್ಳುವ ಬೆಂಚ್ ಪ್ರೆಸ್, ಎದೆ ಬೆಂಚಿಗೆ ಒರಗಿಸಿ ಡಂಬೆಲ್ ಮೇಲಕ್ಕೆ ಎಳೆಯುವ ರೋ, ತಲೆಯ ಮೇಲಕ್ಕೆ ಭಾರ ತಳ್ಳುವ ಶೋಲ್ಡರ್ ಪ್ರೆಸ್, ಮೇಲಿನ ಬಾರನ್ನು ಕೆಳಕ್ಕೆ ಎಳೆಯುವ ಪುಲ್‌ಡೌನ್. ಇವನ್ನೇ ಆ ಮೂರು ದಿನಕ್ಕೆ ಹಂಚಿಕೊಳ್ಳಿ. ತಲಾ ಎರಡು ಮೂರು ಸೆಟ್, 6ರಿಂದ 10 ಸಲ. ಇನ್ನೂ ಎರಡು ಸಲ ಆಗುತ್ತೆ ಅನ್ನಿಸುವಾಗಲೇ ನಿಲ್ಲಿಸಿ. ಸ್ಕ್ವಾಟ್ 60ರಿಂದ ಶುರು ಮಾಡಿ, ಸಲೀಸಾದಾಗ ಎರಡೂವರೆ ಕೆಜಿ ಏರಿಸಿ.

ನೆಲದಿಂದ ಎತ್ತುವ ಡೆಡ್‌ಲಿಫ್ಟ್ ಬರೆದಿಲ್ಲ, ಬೇಕೆಂದೇ. ಒಳ್ಳೆಯ ವ್ಯಾಯಾಮ ಅದು, ಆದರೆ ಡಯಟ್‌ನಲ್ಲಿ ಸುಸ್ತು ಬೇಗ ಇಳಿಯುವುದಿಲ್ಲ, ಸೊಂಟ ಮಾರನೇ ದಿನವೂ ಹಿಡಿದಿರುತ್ತದೆ. ರೊಮೇನಿಯನ್‌ನಲ್ಲಿ ಭಾರ ಕಡಿಮೆ ಸಾಕು. ಮಂಡಿ ಸ್ವಲ್ಪ ಸಡಿಲ ಬಿಡಿ, ಬಾರ್ ತೊಡೆಗೆ ತಾಗಿಕೊಂಡೇ ಜಾರಲಿ, ಸೊಂಟ ಹಿಂದಕ್ಕೆ ಹೋಗಲಿ. ಬಾರ್ ಮಂಡಿ ದಾಟುವ ಹೊತ್ತಿಗೆ ತೊಡೆಯ ಹಿಂಭಾಗ ಬಿಗಿಯಾಗಿ ಎಳೆಯುತ್ತದೆ. ಅಲ್ಲಿಂದಲೇ ವಾಪಸ್ ಬನ್ನಿ. ಇನ್ನೂ ಕೆಳಗೆ ಹೋಗೋಕೆ ಬೆನ್ನು ಬಗ್ಗಿಸಬೇಡಿ.

ಹೊಟ್ಟೆ ಕರಗಿಸೋಕೆ ನೂರಾರು ಕ್ರಂಚಸ್ ಬೇಡವೇ ಬೇಡ. ಹೊಟ್ಟೆಯ ವ್ಯಾಯಾಮ ಮಾಡಿದರೆ ಕೊಬ್ಬು ಹೊಟ್ಟೆಯಿಂದಲೇ ಕರಗುತ್ತದೆ ಅಂತೇನಿಲ್ಲ.

ಪ್ರಶ್ನೆ (ಸಿದ್ದಾಪುರದಿಂದ): ನಮ್ಮಲ್ಲಿ ಕಾಫಿ ಕೊಯ್ಲು. ದಿನವಿಡೀ ತೋಟದ ಏರುತಗ್ಗು ಹತ್ತಿ ಇಳಿಯುತ್ತೇನೆ. ಅದರ ಮೇಲೆ ವ್ಯಾಯಾಮ ಬೇಕಾ? ಮನೆಯಲ್ಲಿರುವುದು 10 ಕೆಜಿಯ ಎರಡು ಡಂಬೆಲ್ ಅಷ್ಟೇ.

ಉತ್ತರ: ಬೇಕು, ಆದರೆ ಕೊಯ್ಲು ಮುಗಿಯೋವರೆಗೆ ವಾರಕ್ಕೆ ಎರಡೇ ದಿನ. ತೋಟದ ನಡಿಗೆ ಕ್ಯಾಲರಿ ಚೆನ್ನಾಗಿಯೇ ಸುಡುತ್ತದೆ. ಆದರೆ ದೇಹ ಅದಕ್ಕೆ ಒಗ್ಗಿಹೋಗಿದೆ, ಹೊಸದಾಗಿ ಭಾರ ಏರುವುದಿಲ್ಲ ಅಲ್ವಾ? ಒಂದು ಕಾಲನ್ನು ಹಿಂದೆ ಬೆಂಚಿನ ಮೇಲಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್ ಹಿಡಿಯಿರಿ. ಆ 20 ಕೆಜಿಯೇ ಭಾರವೆನಿಸುತ್ತದೆ. ಜೊತೆಗೆ ಪುಷ್‌ಅಪ್, ಒಂದು ಕೈಯ ರೋ. ಕಾಲು ತೀರಾ ಸೋತ ದಿನ ಸ್ಪ್ಲಿಟ್ ಸ್ಕ್ವಾಟ್ ಒಂದೇ ಸೆಟ್ ಸಾಕು.

ಪ್ರಶ್ನೆ (ಮೊದಲಿನವರೇ): ಹಂದಿ ಮಾಂಸದ ಪಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು ಬಿಡಲೇಬೇಕಾ ಸರ್?

ಉತ್ತರ: ಯಾಕೆ ಬಿಡಬೇಕು? ಕೊಬ್ಬಿನ ತುಂಡು ಬದಿಗಿಟ್ಟು ಮಾಂಸದ ತುಂಡು ಹಾಕಿಕೊಳ್ಳಿ, ಕಡಂಬುಟ್ಟು ಎರಡಕ್ಕೆ ನಿಲ್ಲಿಸಿ. ನಿಮಗೆ ದಿನಕ್ಕೆ ಸುಮಾರು 120ರಿಂದ 130 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಹಾಗಾಗಿ ಬೆಳಗಿನ ಅಕ್ಕಿ ರೊಟ್ಟಿ ಜೊತೆ ಒಂದು ಮೊಟ್ಟೆ ಎಲ್ಲಿಗೂ ಸಾಲದು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ತೂಕ ವಾರಕ್ಕೆ ಅರ್ಧದಿಂದ ಮುಕ್ಕಾಲು ಕೆಜಿ ಇಳಿದರೆ ಸರಿ. ಅದಕ್ಕಿಂತ ಜಾಸ್ತಿ ಇಳಿಯುತ್ತಾ ಸ್ಕ್ವಾಟ್ ಕೂಡ ಕುಸಿದರೆ ಸ್ವಲ್ಪ ಅನ್ನ ವಾಪಸ್ ಸೇರಿಸಿ, ವ್ಯಾಯಾಮ ಮಾಡುವ ದಿನವೇ ಆದರೆ ಒಳ್ಳೆಯದು. ಮುಂದಿನ ಸಲ 60ರ ಸೆಟ್ ಮಾಡುವಾಗ ಪಕ್ಕದಿಂದ ವಿಡಿಯೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.