ಹಳೆ ಕಂಪ್ಯೂಟರಿಗೆ ಬೂಟ್ ಪೆನ್ ಡ್ರೈವ್: ಮೊದಲು ಫೈಲ್ ತಗೀರಿ, ಫಾರ್ಮ್ಯಾಟ್ ಆಮೇಲೆ

ಪ್ರಶ್ನೆ, ಬೆಟಗೇರಿಯಿಂದ

ನಮಸ್ಕಾರರೀ ಎಲ್ಲಾರಿಗೂ. ಪ್ರಿಂಟಿಂಗ್ ಪ್ರೆಸ್ಸಿನ ಹಳೆ ಕಂಪ್ಯೂಟರ್ ಚಾಲೂ ಆಗವಲ್ದು. ಕೋರ್ 2 ಡ್ಯುಯೊ, 2 ಜಿಬಿ ಡಿಡಿಆರ್2 ರ‍್ಯಾಮ್, 160 ಜಿಬಿ ಸಾಟಾ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿ ಚಿಹ್ನೆ ಬರ್ತೈತಿ, ನೀಲಿ ಪರದೆ ಮಿಂಚಿ ಹೋಕ್ಕೈತಿ, ಮತ್ತ ಮೊದಲಿಂದ ಶುರು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರಿ ಹ್ಯಾಂಡ್‌ಬಿಲ್ ಎಲ್ಲಾ ಪುಟ ಜೋಡಿಸೂ ಪೇಜ್‌ಮೇಕರಿನಾಗ, ಕನ್ನಡದ ನುಡಿ ಫಾಂಟಿನಾಗ ಅದಾವ. ರಿಪೇರಿಯವರು ಫಾರ್ಮ್ಯಾಟ್ ಹೊಡಿಬೇಕು ಅಂತಾರ. ಬೂಟ್ ಪೆನ್ ಡ್ರೈವ್ (ಕಂಪ್ಯೂಟರ್ ಚಾಲೂ ಮಾಡೂ ಪೆನ್ ಡ್ರೈವ್) ಮಾಡಿ ಫೈಲ್ ತಗಿಯೂದು ಹೆಂಗ, ಎಲ್ಲೆ ತಪ್ಪತೈತಿ, ಗೊತ್ತಿದ್ದವರು ಹೇಳ್ರಿ.

ಹುಬ್ಬಳ್ಳಿಯಿಂದ

ಫಾರ್ಮ್ಯಾಟ್ ಮಾತು ಸದ್ಯಕ್ಕ ಬಿಡ್ರಿ. ಫಾರ್ಮ್ಯಾಟ್ ಹೊಡದು ಅದರ ಮ್ಯಾಲೆ ಹೊಸ ವಿಂಡೋಸ್ ಕೂತಿತಂದ್ರ ಹಳೆ ಫೈಲ್ ಹೊಳ್ಳಿ ಸಿಗೂದು ಭಾಳ ಕಷ್ಟ.

ಮೊದಲು ಆ ನೀಲಿ ಪರದೆ ನಿಲ್ಲಿಸಿ ಓದ್ರಿ. ಚಾಲೂ ಮಾಡಿದ ಕೂಡಲೆ ಎಫ್8 ಒತ್ತಕೋತ ಇರ್ರಿ, ಒಂದು ಪಟ್ಟಿ ಬರ್ತೈತಿ. ಅದರಾಗ ‘ಡಿಸೇಬಲ್ ಆಟೊಮ್ಯಾಟಿಕ್ ರೀಸ್ಟಾರ್ಟ್’ ಅನ್ನೂದನ್ನ ಆರಿಸ್ರಿ. ಈಗ ಪರದೆ ನಿಲ್ಲತೈತಿ. ಸ್ಟಾಪ್ ಅಂತ ಇರೂ ಕಡೆ ಉದ್ದನೆ ಸಂಖ್ಯೆ ಇರತೈತಿ, ಅದರ ಕೊನಿ ಎರಡು ಅಕ್ಷರ ನೋಡ್ರಿ. 7ಬಿ ಅಂತಿದ್ರ ವಿಂಡೋಸಿಗೆ ತನ್ನ ಡಿಸ್ಕ್ ಸಿಗವಲ್ದು ಅಂತ ಅರ್ಥ. ಇಡಿ (ED) ಅಥವಾ 24 ಇದ್ರ ಡಿಸ್ಕಿನ ಫೈಲ್ ವ್ಯವಸ್ಥೆ ಕೆಟ್ಟಿರೂ ಸಾಧ್ಯತೆ ಹೆಚ್ಚು, ಫೈಲ್ ತಗಿಯೂ ತನಕ ಚೆಕ್‌ಡಿಸ್ಕ್ (ಡಿಸ್ಕ್ ದುರಸ್ತಿ ಪ್ರೋಗ್ರಾಂ) ಓಡಿಸಬ್ಯಾಡ್ರಿ. ಸಾಯಾಕತ್ತಿರೂ ಡಿಸ್ಕಿನ ಮ್ಯಾಲೆ ಅದು ಬರಿಯಾಕ ಹೋದ್ರ ಇದ್ದದ್ದೂ ಹೋಕ್ಕೈತಿ.

7ಬಿ ಬಂದ್ರ ಬೋರ್ಡಿನ ಮ್ಯಾಲಿನ ಗುಂಡು ಸೆಲ್ ಕಡೆ ಲಕ್ಷ್ಯ ಕೊಡ್ರಿ, ಅದರ ಮ್ಯಾಲೆ ಸಿಆರ್2032 ಅಂತ ಬರದಿರತೈತಿ. 3 ವೋಲ್ಟಿನ ಸೆಲ್, ಗಡಿಯಾರದ ಅಂಗಡ್ಯಾಗೂ ಸಿಗತೈತಿ. ಸೆಲ್ ಸತ್ತಾಗ ಬಯಾಸ್ (ವಿಂಡೋಸಿಗಿಂತ ಮೊದಲು ಏಳೂ ಬೋರ್ಡಿನ ಪ್ರೋಗ್ರಾಂ) ತನ್ನ ಸೆಟ್ಟಿಂಗ್ ಮರತು ಕಾರ್ಖಾನೆ ಸೆಟ್ಟಿಂಗಿಗೆ ಹೋಕ್ಕೈತಿ. ಸಾಟಾ ಮೋಡ್ (ಬೋರ್ಡ್ ಡಿಸ್ಕಿನ ಜೋಡಿ ಮಾತಾಡೂ ರೀತಿ) ಐಡಿಇ ಇದ್ದದ್ದು ಎಎಚ್‌ಸಿಐ ಆತಂದ್ರ ಎಕ್ಸ್‌ಪಿ ಅಲ್ಲೇ ಮುಗ್ಗರಿಸತೈತಿ. ಬಯಾಸಿನಾಗ ತಾರೀಖು ಹತ್ತು ವರ್ಷ ಹಿಂದ ಹೋಗಿದ್ರ ಸೆಲ್ ಬದಲಿಸಿ, ಮೋಡ್ ಹೊಳ್ಳಿ ಐಡಿಇ ಮಾಡಿ ನೋಡ್ರಿ. ಪೆನ್ ಡ್ರೈವ್ ಇಲ್ಲದನ ಕೆಲಸ ಮುಗದರೂ ಮುಗೀಬಹುದು.

ಧಾರವಾಡದಿಂದ

ಪೆನ್ ಡ್ರೈವ್ ಮಾಡುವ ಕ್ರಮ ಬರೆಯುತ್ತೇನೆ. 8 ಅಥವಾ 16 ಜಿಬಿಯದು ಸಾಕು, ತೀರಾ ದೊಡ್ಡದು ಬೇಡ. ಕೆಲವು ಹಳೆ ಬಯಾಸ್‌ಗಳು ಯುಎಸ್‌ಬಿ ಡಿಸ್ಕಿನ ಮೊದಲ 137 ಜಿಬಿಯಿಂದಾಚೆ ಓದುವುದಿಲ್ಲ. ಪೆನ್ ಡ್ರೈವಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿ ಮಾಡಿಕೊಳ್ಳಿ.

ಇನ್ನೊಂದು ಒಳ್ಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲಿಗೆ ಓಡುವ ಆ್ಯಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸಿನ ಐಎಸ್‌ಒ ಫೈಲನ್ನು (ಇಡೀ ಡಿಸ್ಕಿನ ನಕಲು ಒಂದೇ ಫೈಲಿನಲ್ಲಿ) ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಎರಡೂ ಡಿಸ್ಕಿಗೆ ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ಓಡುತ್ತವೆ. ಕೋರ್ 2 ಡ್ಯುಯೊ 64 ಬಿಟ್ ಪ್ರೊಸೆಸರ್, ಅದಕ್ಕೆ 64 ಬಿಟ್ ಆವೃತ್ತಿ ನಡೆಯುತ್ತದೆ. ಪೆಂಟಿಯಂ 4ರ ಮೊದಮೊದಲ ಮಾದರಿ ಅಥವಾ ಆಟಮ್ ಎನ್270 ಇದ್ದವರು ಮಾತ್ರ 32 ಬಿಟ್ ಹುಡುಕಬೇಕು. 2025ರ ಆಗಸ್ಟಿನಲ್ಲಿ ಬಂದ, ಆ್ಯಂಟಿಎಕ್ಸಿಗೆ ತಳಹದಿಯಾದ ಡೆಬಿಯನ್ ಲಿನಕ್ಸ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ತೆಗೆದಿದ್ದಾರೆ, ಅಂಥವರಿಗೆ ಡೆಬಿಯನ್ 12ರ ಮೇಲೆ ಕಟ್ಟಿದ ಆ್ಯಂಟಿಎಕ್ಸ್ 23 ಸರಿ.

ಫೈಲ್ ಪೂರ್ತಿ ಇಳಿದಿದೆಯೇ ನೋಡದೆ ಮುಂದೆ ಹೋಗಬೇಡಿ. ಸೆವೆನ್-ಝಿಪ್ ಇದ್ದರೆ ಐಎಸ್‌ಒ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 (ಫೈಲಿನ ಗುರುತಿನ ಸಂಖ್ಯೆ) ಲೆಕ್ಕ ತೆಗೆಯಬಹುದು. ಡೌನ್‌ಲೋಡ್ ಪುಟದಲ್ಲಿ ಕೊಟ್ಟ ಸಾಲಿಗೂ ಅದಕ್ಕೂ ಒಂದಕ್ಷರ ತಪ್ಪಿದರೂ ಮತ್ತೆ ಇಳಿಸಿ. ‘ಬೂಟ್ ಆಗಿ ಅರ್ಧಕ್ಕೆ ನಿಂತಿತು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಅರೆಬರೆ ಫೈಲೇ ಇರುತ್ತದೆ.

ಪೆನ್ ಡ್ರೈವಿಗೆ ಬರೆಯಲು ರುಫಸ್ ಎಂಬ ವಿಂಡೋಸ್ ಪ್ರೋಗ್ರಾಂ ಬಳಸಿ. ಪಾರ್ಟಿಶನ್ ಸ್ಕೀಮ್ (ಡ್ರೈವನ್ನು ಭಾಗ ಮಾಡುವ ವಿಧಾನ) ಎಂಬಿಆರ್ ಇರಬೇಕು, ಜಿಪಿಟಿ ಅಲ್ಲ. ಜಿಪಿಟಿ ಇಟ್ಟರೆ ಹಳೆ ಬಯಾಸಿನಲ್ಲಿ ಕಪ್ಪು ಪರದೆ ಮೇಲೆ ಒಂದು ಗೀಟು ಮಿಣುಕುತ್ತ ಕೂಡುತ್ತದೆ, ಅಷ್ಟೇ. ಫೈಲ್ ಸಿಸ್ಟಂ ಫ್ಯಾಟ್32. ಅಡ್ವಾನ್ಸ್ಡ್ ಪಟ್ಟಿಯಲ್ಲಿ ಹಳೆ ಬಯಾಸ್‌ಗಳಿಗೆಂದೇ ಒಂದು ಟಿಕ್ ಇದೆ, ಮೊದಲ ಸಲ ಬೂಟ್ ಆಗದಿದ್ದರೆ ಅದನ್ನು ಹಾಕಿ. ಸ್ಟಾರ್ಟ್ ಒತ್ತಿದ ಮೇಲೆ ಐಎಸ್‌ಒ ಮೋಡ್ ಬೇಕೋ ಡಿಡಿ ಮೋಡ್ ಬೇಕೋ ಎಂದು ಕೇಳಿದರೆ ಮೊದಲು ಐಎಸ್‌ಒ; ಆಗದಿದ್ದರೆ ಡಿಡಿಯಲ್ಲಿ ಮತ್ತೆ ಬರೆಯಿರಿ. ಡಿಡಿಯಲ್ಲಿ ಬರೆದ ಪೆನ್ ಡ್ರೈವನ್ನು ವಿಂಡೋಸಿಗೆ ಹಚ್ಚಿದರೆ ‘ಫಾರ್ಮ್ಯಾಟ್ ಮಾಡಲೇ’ ಎನ್ನಬಹುದು, ಬೇಡ ಎನ್ನಿ.

ಐಎಸ್‌ಒ ಫೈಲನ್ನು ಹಾಗೇ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಡಿವಿಡಿಗೂ ಇದೇ ಮಾತು: ‘ಬರ್ನ್ ಡಿಸ್ಕ್ ಇಮೇಜ್’ ಎಂದೇ ಬರೆಯಬೇಕು.

ರಾಣೆಬೆನ್ನೂರಿನಿಂದ

ಪೆನ್ ಡ್ರೈವನ್ನ ಸಿಪಿಯು ಹಿಂದಿನ ಯುಎಸ್‌ಬಿಗೇ ನೇರ ಹಚ್ಚ್ರಿ. ಮುಂದಿನ ಪೋರ್ಟಿನ ವಾಯರ್ ಸಡಿಲ ಇರ್ತಾವ. ಬೂಟ್ ಪಟ್ಟಿಗೆ ಗಿಗಾಬೈಟ್ ಬೋರ್ಡಿನಾಗ ಎಫ್12, ಆಸುಸ್ ಎಫ್8, ಎಂಎಸ್‌ಐ ಎಫ್11, ಇಂಟೆಲ್ ಬೋರ್ಡಿನಾಗ ಎಫ್10. ಯುಎಸ್‌ಬಿ ಕೀಬೋರ್ಡ್ ಆ ಹೊತ್ತಿಗೆ ಕೆಲಸ ಮಾಡದಿದ್ರ ಹಳೆ ಗುಂಡು ಪಿನ್ನಿನ ಕೀಬೋರ್ಡ್ ಹುಡುಕ್ರಿ.

ಇಲ್ಲಿ ಭಾಳ ಮಂದಿ ಗೊಂದಲ ಮಾಡ್ಕೋತಾರ: ಪಟ್ಟಿಯೊಳಗ ಪೆನ್ ಡ್ರೈವಿನ ಹೆಸರ ಕೆಲವೊಮ್ಮೆ ಇರಂಗಿಲ್ಲ. ಹಳೆ ಬಯಾಸ್ ಅದನ್ನ ಹಾರ್ಡ್ ಡಿಸ್ಕ್ ಅಂತ ತಿಳೀತೈತಿ. ‘ಹಾರ್ಡ್ ಡಿಸ್ಕ್’ ಸಾಲಿನೊಳಗ ಹೋದ್ರ ಒಳಗ ಎರಡು ಹೆಸರ ಕಾಣ್ತಾವ, ಪೆನ್ ಡ್ರೈವನ್ನ ಮ್ಯಾಲೆ ತರ್ರಿ. ಪೆನ್ ಡ್ರೈವ್ ಹಚ್ಚಿದ ಮ್ಯಾಲೇ ಬಯಾಸಿಗೆ ಹೋಗಬೇಕು, ಇಲ್ಲಂದ್ರ ಅದು ಕಾಣಂಗೇ ಇಲ್ಲ.

ಲಿನಕ್ಸ್ ಪಟ್ಟಿ ಬಂದು ಆಮ್ಯಾಲೆ ಪರದೆ ಕಪ್ಪಾಗಿ ಉಳದ್ರ ಗ್ರಾಫಿಕ್ಸ್ ತಕರಾರು. ಸೇಫ್ ಮೋಡ್ ಸಾಲು ಆರಿಸ್ರಿ, ಇಲ್ಲಾ ಬೂಟ್ ಸಾಲಿಗೆ ‘ನೋಮೋಡ್‌ಸೆಟ್’ (nomodeset) ಸೇರಿಸ್ರಿ. ಒಮ್ಮೊಮ್ಮೆ ಒಂದೊಂದು ಕಡೆ ನಿಂತ್ರ ರ‍್ಯಾಮ್ ಮ್ಯಾಲೆ ಸಂಶಯ ಇಡ್ರಿ. ವಾಯರ್ ಕಿತ್ತು, ರ‍್ಯಾಮ್ ತಗದು, ಬಂಗಾರದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಪುಡಿ ಒರಸಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನೂಹಂಗ ಕೂಡಿಸ್ರಿ.

ಯುಎಸ್‌ಬಿಯಿಂದ ಬೂಟ್ ಆಗೂ ಸೌಲಭ್ಯನ ಇಲ್ಲದ ಅದಕ್ಕಿಂತ ಹಳೆ ಬೋರ್ಡಿಗೆ ಪ್ಲಾಪ್ ಬೂಟ್ ಮ್ಯಾನೇಜರ್ ಸಿಡಿಗೆ ಬರದು, ಸಿಡಿಯಿಂದ ಎದ್ದು ಅಲ್ಲಿಂದ ಯುಎಸ್‌ಬಿ ಆರಿಸಬಹುದು.

ಗದಗಿನಿಂದ, ಡಿಟಿಪಿ ಕೆಲಸದವರು

ಅಣ್ಣಾರ, ಪ್ರೆಸ್ ಫೈಲಿನ ವಿಷಯ ಬ್ಯಾರೇನ ಐತಿ, ಅದನ್ನ ಯಾರೂ ಹೇಳಲಿಲ್ಲ. ಬರೇ ಪೇಜ್‌ಮೇಕರ್ ಫೈಲ್ ತಗದ್ರ ಸಾಲಂಗಿಲ್ಲ.

ಲಿನಕ್ಸಿನಾಗ ಸಿ ಡ್ರೈವ್ ಸಾಮಾನ್ಯವಾಗಿ ಎಸ್‌ಡಿಎ1, ಡಿ ಡ್ರೈವ್ ಎಸ್‌ಡಿಎ5 ಅಂತ ಕಾಣ್ತಾವ. ಪಪ್ಪಿಯೊಳಗ ಇವು ಪರದೆ ಕೆಳಗಡೆ ಚಿತ್ರ ಆಗಿ ಬರ್ತಾವ. ಆ್ಯಂಟಿಎಕ್ಸ್ ಪಾಸ್‌ವರ್ಡ್ ಕೇಳಿದ್ರ ‘ಡೆಮೊ’, ರೂಟಿಗೆ ‘ರೂಟ್’, ಎರಡೂ ಇಂಗ್ಲಿಷ್ ಸಣ್ಣ ಅಕ್ಷರದಾಗ. ಡೆಸ್ಕ್‌ಟಾಪ್ ಮ್ಯಾಲಿಟ್ಟ ಫೈಲ್ ಸಿ ಡ್ರೈವಿನ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಒಳಗ ನಿಮ್ಮ ಹೆಸರಿನ ಫೋಲ್ಡರಿನಾಗ ಇರ್ತಾವ. ಭಾಳ ಮಂದಿ ಡಿ ಡ್ರೈವ್ ಅಷ್ಟ ತಗದು ಇದನ್ನ ಬಿಟ್ಟುಬಿಡ್ತಾರ.

ಪೇಜ್‌ಮೇಕರಿನಾಗ ಹಚ್ಚಿದ ದೊಡ್ಡ ಚಿತ್ರ ಫೈಲಿನೊಳಗ ಇರದ ಹೊರಗಿನ ಫೋಲ್ಡರಿಗೆ ಲಿಂಕ್ ಆಗಿರಬಹುದು. ಗಣಪತಿ, ಕಳಸ, ಬಾರ್ಡರಿನ ಫೋಲ್ಡರ್ ಬಿಟ್ರ ಪತ್ರಿಕೆ ತಗದಾಗ ಚಿತ್ರದ ಜಾಗಾ ಬರೇ ಮಸುಕು. ಅದಕ್ಕ ಇಡೀ ಫೋಲ್ಡರನ್ನ ಅದೇ ಹೆಸರಿನಿಂದ, ಅದೇ ಜೋಡಣೆಯೊಳಗ ಕಾಪಿ ಮಾಡ್ರಿ.

ಅದಕ್ಕಿಂತ ಮುಖ್ಯ ಫಾಂಟ್. ಹಳೆ ನುಡಿ ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಕಡೆ ತಗದ್ರ ಕನ್ನಡದ ಬದಲಿ ಕೊಂಬು-ಚುಕ್ಕಿ ಹತ್ತಿದ ಇಂಗ್ಲಿಷ್ ಅಕ್ಷರದ ಸಾಲು ಕಾಣ್ತಾವ. ಫೈಲ್ ಕೆಟ್ಟಿಲ್ಲ, ಅಳಿಸಬ್ಯಾಡ್ರಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಾಗ ಫಾಂಟ್ಸ್ ಅಂತೈತಿ, ಅದನ್ನ ಪೂರ್ತಿ ತಗೊಳ್ರಿ. ಹೊಸ ಕಂಪ್ಯೂಟರಿಗೆ ಅದೇ ಫಾಂಟ್ ಹಾಕಿದ್ರ ಕನ್ನಡ ಹೊಳ್ಳಿ ಕಾಣ್ತೈತಿ, ಬೇಕಾದ್ದನ್ನ ಆಮ್ಯಾಲೆ ಯುನಿಕೋಡಿಗೆ ಬದಲಿಸಬಹುದು.

ಮತ್ತೆ ಬೆಟಗೇರಿಯಿಂದ

ಕೋಡ್ ಇಡಿ ಅಂತ ಬಂತ್ರೀ. ಪೆನ್ ಡ್ರೈವಿನಿಂದ ಎದ್ದಿತು. ಸಣ್ಣ ಫೈಲ್ ಬರ್ತಾವ, ದೊಡ್ಡ ಫೋಲ್ಡರ್ ಅರ್ಧಕ್ಕ ನಿಂತು ಟಿಕ್ ಟಿಕ್ ಸಪ್ಪಳ.

ಹುಬ್ಬಳ್ಳಿಯಿಂದ

ಹಂಗಾದ್ರ ಕಾಪಿ ನಿಲ್ಲಿಸ್ರಿ. ಸಾಟಾ ಕೇಬಲ್ ಬದಲಿಸಿ, ಬೋರ್ಡಿನ ಇನ್ನೊಂದು ಪೋರ್ಟಿಗೆ ಹಚ್ಚಿ ಒಮ್ಮೆ ನೋಡ್ರಿ. ಸಪ್ಪಳ ಹೋಗದಿದ್ರ ದೋಷ ಡಿಸ್ಕಿಂದು. ಸ್ಮಾರ್ಟ್ ವರದಿಯೊಳಗ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡೂ ಲೆಕ್ಕ) 5 ಮತ್ತ 197 ಅಂತ ನಂಬರ್ ಇರೂ ಸಾಲು ನೋಡ್ರಿ, ಅವು ಕೆಟ್ಟ ಜಾಗಾದ ಲೆಕ್ಕ. ರಾ ಲೆಕ್ಕ ಸೊನ್ನೆ ಇಲ್ಲದ ಏರಾಕತ್ತಿದ್ರ ಡಿಸ್ಕ್ ಭಾಳ ದಿನ ಬಾಳಂಗಿಲ್ಲ. ಪದೇ ಪದೇ ಫೋಲ್ಡರ್ ತಗದು ನೋಡೂದ ಅದಕ್ಕ ಹೊರೆ. ಡಿಡಿರೆಸ್ಕ್ಯೂ ಅನ್ನೂ ಲಿನಕ್ಸ್ ಪ್ರೋಗ್ರಾಂದಿಂದ ಇಡೀ ಡಿಸ್ಕನ್ನ 160 ಜಿಬಿಗಿಂತ ಹೆಚ್ಚು ಖಾಲಿ ಇರೂ ಹೊರಗಿನ ಡಿಸ್ಕಿಗೆ ಇಮೇಜ್ (ಪೂರ್ತಿ ನಕಲು) ಮಾಡ್ರಿ. ಆ ಡಿಸ್ಕ್ ಫ್ಯಾಟ್32 ಇರಬಾರದು, ಅದರಾಗ 4 ಜಿಬಿಗಿಂತ ದೊಡ್ಡ ಫೈಲ್ ಕೂಡಂಗಿಲ್ಲ. ಮ್ಯಾಪ್ ಫೈಲ್ (ಎಲ್ಲಿತನಕ ಓದೇತಿ ಅನ್ನೂ ದಾಖಲೆ) ಕೊಡೂದ ಮರೀಬ್ಯಾಡ್ರಿ. ಕರೆಂಟ್ ಹೋದ್ರ ನಿಂತಲ್ಲಿಂದ ಮುಂದುವರಿತೈತಿ. ಮೂಲ ಯಾವುದು, ಗುರಿ ಯಾವುದು ಅಂತ ಡಿಸ್ಕಿನ ಅಳತಿ ನೋಡಿ ಎರಡು ಸಲ ಖಾತ್ರಿ ಮಾಡ್ಕೊಳ್ರಿ, ಉಲ್ಟಾ ಆದ್ರ ಎಲ್ಲಾ ಹೋತು. ಸಪ್ಪಳ ಜೋರಾದ್ರ ಬಂದ್ ಮಾಡಿ, ಡೇಟಾ ತಗಿಯೂ ಪರಿಣತರಿಗೆ ಕೊಡ್ರಿ.

ಧಾರವಾಡದಿಂದ

ಫೈಲ್ ಕೈಗೆ ಬಂದ ಮೇಲೆ ಹೊಸ 120 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿ. ವಿಂಡೋಸ್ 11ರ 24ಎಚ್2 ಆವೃತ್ತಿ ಕೋರ್ 2 ಡ್ಯುಯೊದಲ್ಲಿ ಏಳುವುದೇ ಇಲ್ಲ, ಅದಕ್ಕೆ ಬೇಕಾದ ಸೂಚನೆಗಳು ಆ ಪ್ರೊಸೆಸರಿನಲ್ಲಿಲ್ಲ. ಇಂಟರ್ನೆಟ್ಟಿಗೆ ಲಿನಕ್ಸ್ ಇರಲಿ. ಪೇಜ್‌ಮೇಕರಿಗೆ ಎಕ್ಸ್‌ಪಿಯೇ ಬೇಕೆಂದರೆ ಆ ಯಂತ್ರಕ್ಕೆ ನೆಟ್ ಹಚ್ಚಬೇಡಿ, ಅದರ ಸೆಕ್ಯುರಿಟಿ ಅಪ್‌ಡೇಟ್ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಇನ್‌ಸ್ಟಾಲ್ ಮಾಡುವಾಗ ಹಳೆ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲವಾದರೆ ಕೈತಪ್ಪಿ ಬೂಟ್‌ಲೋಡರ್ (ವ್ಯವಸ್ಥೆಯನ್ನು ಚಾಲೂ ಮಾಡುವ ಪ್ರೋಗ್ರಾಂ) ಅದರ ಮೇಲೆ ಹೋಗಿ ಕೂಡುತ್ತದೆ.