ಮೆಶ್ ಹಾಕಿದ ಮೇಲೂ ಮೊದಲನೇ ಮಹಡಿಯಲ್ಲಿ ಸ್ಪೀಡ್ 94ಕ್ಕೇ ನಿಲ್ಲುತ್ತಿದೆ, ಯಾಕೆ?

ಮೇಲ್ಮಹಡಿ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 30×40 ಸೈಟಿನಲ್ಲಿ ನಮ್ಮ ಮನೆ. ಕೆಳಗೆ ಒಂದು, ಮೇಲೆ ಒಂದು ಮಹಡಿ, ಟೆರೇಸಿನಲ್ಲಿ ಒಂದು ರೂಮು. ಫೈಬರ್ ಕನೆಕ್ಷನ್ 300 ಎಂಬಿಪಿಎಸ್. ಮೂರು ಡಬ್ಬಿ ಸೇರಿ ಮನೆಗೆಲ್ಲ ಒಂದೇ ವೈಫೈ ಕೊಡುವ ವೈಫೈ 6 ಮೆಶ್ ಸೆಟ್ ತಂದಿದ್ದೇವೆ, ಮಹಡಿಗೆ ಒಂದರಂತೆ ಇಟ್ಟಿದ್ದೇವೆ. ಕೆಳಗಿನ ಹಾಲ್‌ನಲ್ಲಿ ಫೋನಿಗೆ 290 ಬರುತ್ತದೆ, ಅಲ್ಲಿ ತೊಂದರೆ ಇಲ್ಲ. ಮೊದಲನೇ ಮಹಡಿಗೆ ಮನೆ ಕಟ್ಟುವಾಗಲೇ ಗೋಡೆಯೊಳಗೆ ನೆಟ್‌ವರ್ಕ್ ಕೇಬಲ್ ಹಾಕಿಸಿದ್ದೆವು. ಅದನ್ನೇ ಎರಡನೇ ಡಬ್ಬಿಗೆ ಕೊಟ್ಟಿದ್ದೇವೆ. ಅಲ್ಲಿ ಯಾವಾಗ ನೋಡಿದರೂ 93, 94, ಅಷ್ಟೇ. ವಿಚಿತ್ರ ಏನೆಂದರೆ ಕೇಬಲ್ ಕಿತ್ತರೆ 150ರ ಹತ್ತಿರ ಬರುತ್ತದೆ! ಟೆರೇಸ್ ರೂಮಿನಲ್ಲಿ ಕೇಬಲ್ ಇಲ್ಲ, ಅಲ್ಲಿ 30 ಬಂದರೆ ಜಾಸ್ತಿ. ನಮ್ಮ ಯಜಮಾನರು ಅಲ್ಲೇ ಕುಳಿತು ಆಫೀಸ್ ಕೆಲಸ ಮಾಡುವುದು, ವಿಡಿಯೋ ಮೀಟಿಂಗ್ ಮಧ್ಯೆ ಮಧ್ಯೆ ನಿಂತುಹೋಗುತ್ತದೆ. ಮೆಶ್ ಸೆಟ್ಟೇ ಸರಿಯಿಲ್ಲವಾ? ಬದಲಾಯಿಸಬೇಕಾ?

ತಂತಿಪ್ರಿಯ:

ಮೇಡಂ, ಈಗಲೇ ಬದಲಾಯಿಸಬೇಡಿ. ನೀವು ಕೊಟ್ಟ 94 ಅನ್ನೋ ನಂಬರಿನಲ್ಲೇ ಅರ್ಧ ಉತ್ತರ ಇದೆ. ವೈಫೈ ಸ್ಪೀಡ್ ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ, ಒಮ್ಮೆ 120, ಒಮ್ಮೆ 180 ಅಂತ ಏರಿಳಿಯುತ್ತಲೇ ಇರುತ್ತದೆ. ಸದಾ 93-94ಕ್ಕೆ ಬಂದು ನಿಂತರೆ, ದಾರಿಯಲ್ಲಿ ಎಲ್ಲೋ ಒಂದು ಕಡೆ 100 ಎಂಬಿಪಿಎಸ್ ತಂತಿ ಜೋಡಣೆ ಇದೆ ಅಂತಲೇ ತಿಳಿಯಿರಿ. 100ರ ಈಥರ್ನೆಟ್‌ನಲ್ಲಿ (ತಂತಿಯ ನೆಟ್‌ವರ್ಕ್) ಡೇಟಾದ ಜೊತೆ ಹೋಗುವ ವಿಳಾಸದಂಥ ಮೇಲ್ಖರ್ಚು ಕಳೆದು ನಮ್ಮ ಕೈಗೆ ಸಿಗುವುದು ಅಷ್ಟೇ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಆದರೆ 940ರ ಹತ್ತಿರ ಸಿಗುತ್ತದೆ.

ಕೇಬಲ್ ಕಿತ್ತಾಗ ಸ್ಪೀಡ್ ಏರುವುದೂ ಇದಕ್ಕೇ. ಕೇಬಲ್ ಸಿಕ್ಕಿದರೆ ಮೆಶ್ ಡಬ್ಬಿ ಅದನ್ನೇ ಹಿಡಿಯುತ್ತದೆ, ಅದು ನಿಧಾನವೋ ವೇಗವೋ ನೋಡುವುದಿಲ್ಲ.

100ಕ್ಕೆ ಇಳಿಯಲು ಮಾಮೂಲಿಯಾಗಿ ಮೂರು ಕಾರಣ. ಒಂದು, ಡಬ್ಬಿಯ ಪೋರ್ಟೇ 100ರದ್ದು. ಕಡಿಮೆ ಬೆಲೆಯ ಕೆಲವು ಸೆಟ್‌ಗಳಲ್ಲಿ ಹಾಗಿರುತ್ತದೆ, ನಿಮ್ಮದು ವೈಫೈ 6 ಆದ್ದರಿಂದ ಗಿಗಾಬಿಟ್ ಇರಬೇಕು, ಆದರೂ ಪೆಟ್ಟಿಗೆ ಮೇಲೆ ಓದಿ. ಎರಡು, ಕೇಬಲ್ ಹಳೆಯ ಕ್ಯಾಟ್ 5 ದರ್ಜೆಯದಾಗಿರುವುದು ಅಥವಾ ಎಲ್ಲೋ ಒಳಗೆ ತುಂಡಾಗಿರುವುದು. ಮೂರನೆಯದು ನಮ್ಮ ಕಡೆ ತುಂಬಾ ಸಾಮಾನ್ಯ: ಎಲೆಕ್ಟ್ರಿಷಿಯನ್ ಎಂಟು ತಂತಿಯಲ್ಲಿ ನಾಲ್ಕನ್ನು ಮಾತ್ರ ಕ್ರಿಂಪ್ ಮಾಡಿರುತ್ತಾರೆ, ಅಂದರೆ ಕನೆಕ್ಟರ್‌ಗೆ ಒತ್ತಿ ಕೂರಿಸಿರುತ್ತಾರೆ. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್ ಸಾಕು, ಅಂದರೆ ಕಿತ್ತಳೆ ಮತ್ತು ಹಸಿರು ಜೋಡಿ. ಗಿಗಾಬಿಟ್‌ಗೆ ನೀಲಿ ಮತ್ತು ಕಂದು ಜೋಡಿಯೂ ಬೇಕೇ ಬೇಕು. ನೆಟ್ ಬರುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲು ಹೀಗೆ ಮಾಡಿ. ಮೇಲಿನ ಡಬ್ಬಿಯಿಂದ ಆ ಕೇಬಲ್ ಬಿಚ್ಚಿ ನೇರ ಲ್ಯಾಪ್‌ಟಾಪ್‌ಗೆ ಹಾಕಿ. ವಿಂಡೋಸ್ ಆದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ತೆರೆದರೆ ಲಿಂಕ್ ಸ್ಪೀಡ್ 100/100 ಅಂತಲೋ 1000/1000 ಅಂತಲೋ ತೋರಿಸುತ್ತದೆ. ಲ್ಯಾಪ್‌ಟಾಪ್‌ನ ಪೋರ್ಟ್ ಗಿಗಾಬಿಟ್ ಇರಬೇಕು, ಅದನ್ನು ಮರೆಯಬೇಡಿ. ಆಮೇಲೆ ಎರಡೂ ಕಡೆಯ ಕನೆಕ್ಟರ್ ಬೆಳಕಿಗೆ ಹಿಡಿದು ಬಣ್ಣ ಎಣಿಸಿ.

ಮೇಲ್ಮಹಡಿ:

ನೋಡಿದೆ ಸರ್. 100/100 ಅಂತಲೇ ಇದೆ. ಕನೆಕ್ಟರ್‌ನಲ್ಲಿ ನಾಲ್ಕೇ ತಂತಿ! ಉಳಿದ ನಾಲ್ಕನ್ನು ಮಡಿಚಿ ಟೇಪ್ ಸುತ್ತಿದ್ದಾರೆ. ಕೇಬಲ್ ಮೇಲೆ ಕ್ಯಾಟ್ 6 ಅಂತ ಬರೆದಿದೆ.

ತಂತಿಪ್ರಿಯ:

ಕ್ಯಾಟ್ 6 ಇದ್ದರೆ ಗೋಡೆ ಒಡೆಯುವ ಕೆಲಸವೇ ಇಲ್ಲ. ಎರಡೂ ತುದಿ ಕತ್ತರಿಸಿ ಹೊಸ ಆರ್‌ಜೆ45 ಕನೆಕ್ಟರ್ ಹಾಕಿಸಿ. ಮಾಡುವವರಿಗೆ ಈ ಕ್ರಮ ತೋರಿಸಿ, ಎರಡೂ ಕಡೆ ಇದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಗಳ ತಿರುಚನ್ನು ತುದಿಯ ಹತ್ತಿರದವರೆಗೂ ಹಾಗೇ ಬಿಡಲಿ, ಉದ್ದಕ್ಕೆ ಬಿಚ್ಚಿಬಿಡುವುದು ಬೇಡ. ಟೆಸ್ಟರ್ ಹಾಕಿ ಎಂಟೂ ದೀಪ ಹತ್ತಿದ ಮೇಲೇ ದುಡ್ಡು ಕೊಡಿ.

ಇನ್ನು ಟೆರೇಸ್ ರೂಮು. ಅಲ್ಲಿಯ ಡಬ್ಬಿ ಕೆಳಗಿನದಕ್ಕೆ ಗಾಳಿಯಲ್ಲೇ ಮಾತಾಡಬೇಕು, ಮಧ್ಯೆ ಕಬ್ಬಿಣ ಕಟ್ಟಿದ ಆರ್‌ಸಿಸಿ ಸ್ಲ್ಯಾಬ್ ಇದೆ. 5 ಗಿಗಾಹರ್ಟ್ಸ್ ಸಿಗ್ನಲ್ ಅದನ್ನು ದಾಟುವಷ್ಟರಲ್ಲೇ ಸುಸ್ತಾಗುತ್ತದೆ. ಜೊತೆಗೆ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡೇ ಇರುವ) ಸೆಟ್ ಆದರೆ ಒಂದೇ 5 ಗಿಗಾಹರ್ಟ್ಸ್ ರೇಡಿಯೋ ಕೆಳಗಿನ ಡಬ್ಬಿಯ ಜೊತೆಗೂ ನಿಮ್ಮ ಲ್ಯಾಪ್‌ಟಾಪ್ ಜೊತೆಗೂ ಸರದಿಯಲ್ಲಿ ಮಾತಾಡಬೇಕು, ಹಾಗಾಗಿ ಗಾಳಿಯ ಪ್ರತಿ ಹಂತದಲ್ಲೂ ಸ್ಪೀಡ್ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಮೆಶ್ ಅಂದರೆ ತಂತಿಯೇ ಬೇಡ ಅಂತ ಜಾಹೀರಾತಿನಲ್ಲಿ ಹೇಳುತ್ತಾರೆ. ನನ್ನ ಪ್ರಕಾರ ಮೆಶ್‌ನ ವೇಗ ಪೂರ್ತಿ ನಿಂತಿರುವುದು ಡಬ್ಬಿ ಡಬ್ಬಿಗಳ ನಡುವಿನ ಆ ಸಂಪರ್ಕದ ಮೇಲೆ, ಬ್ಯಾಕ್‌ಹಾಲ್ ಅಂತಾರಲ್ಲ, ಅದರ ಮೇಲೆ. ಅದು ಬಡವಾದರೆ ಎಷ್ಟು ದುಬಾರಿ ಡಬ್ಬಿ ತಂದರೂ ಪ್ರಯೋಜನ ಇಲ್ಲ.

ಆಗುವುದಾದರೆ ಅಲ್ಲಿಗೂ ಕೇಬಲ್ ಎಳೆಸಿ. ಸದ್ಯಕ್ಕೆ ಆಗದಿದ್ದರೆ ಡಬ್ಬಿಯನ್ನು ರೂಮಿನೊಳಗಿಂದ ತೆಗೆದು ಮೆಟ್ಟಿಲಿನ ತಲೆಯಲ್ಲಿ ಇಡಿ. ಮೆಟ್ಟಿಲಿನ ಜಾಗದಲ್ಲಿ ಸ್ಲ್ಯಾಬ್ ತೆರೆದಿರುತ್ತದಲ್ಲ, ಸಿಗ್ನಲ್‌ಗೆ ಅದೇ ದಾರಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಇವುಗಳ ಹಿಂದೆ ಮಾತ್ರ ಬೇಡ.

ಕಡಲತಡಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಮಂಗಳೂರು ಕಡೆ, ದಪ್ಪ ಕೆಂಪುಕಲ್ಲಿನ ಗೋಡೆಯ ಹಳೆ ಮನೆ, ಒಂದು ಕೋಣೆಯಿಂದ ಇನ್ನೊಂದಕ್ಕೇ ಸಿಗ್ನಲ್ ಹೋಗುವುದಿಲ್ಲ, ಹಾಗಾಗಿ ಪೂರ್ತಿ ತಂತಿಯಲ್ಲೇ ಮಾಡಿಸಿದ್ದೇವೆ. ಎರಡು ವಿಷಯ ಹೇಳಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಇನ್ನೊಂದು, ಟೆರೇಸಿಗೆ ಕೇಬಲ್ ಅಂತ ಹೊರಗೋಡೆಯ ಮೇಲೆ ಎಳೆಸಬೇಡಿ. ಸಿಡಿಲು ಹತ್ತಿರ ಬಿದ್ದರೆ ಪೋರ್ಟುಗಳು ಸುಟ್ಟು ಹೋಗುತ್ತವೆ, ನಮ್ಮಲ್ಲಿ ಮಳೆಗಾಲದ ಮೊದಲು ಮತ್ತು ಕೊನೆಗೆ ಇದೇ ಗೋಳು. ಮನೆಯೊಳಗೆ ಮೆಟ್ಟಿಲಿನ ಪಕ್ಕ ಪೈಪ್ ಹಾಕಿಸಿ, ಕರೆಂಟಿನ ವೈರ್ ಇರುವ ಪೈಪಿನೊಳಗೆ ಮಾತ್ರ ತೂರಿಸಬೇಡಿ.

ಮೇಲ್ಮಹಡಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಎರಡೂ ತುದಿ ಹೊಸದಾಗಿ ಕ್ರಿಂಪ್ ಆಯಿತು, ಮೊದಲನೇ ಮಹಡಿಯಲ್ಲಿ ಈಗ 285. ಮೂರನೇ ಡಬ್ಬಿ ಮೆಟ್ಟಿಲ ತಲೆಗೆ ಬಂದಿದೆ, ರೂಮಿನಲ್ಲಿ 130-140 ಬರುತ್ತಿದೆ. ಮೀಟಿಂಗ್ ನಿಲ್ಲುತ್ತಿಲ್ಲ. ಕೇಬಲ್ ಮುಂದಿನ ತಿಂಗಳು ಹಾಕಿಸುತ್ತೇವೆ. ಆದರೆ ಇನ್ನೂ ಎರಡು ತೊಂದರೆ. ಕೆಳಗಿನಿಂದ ಮಾತಾಡುತ್ತಾ ಮೇಲೆ ಹೋದರೆ ಫೋನು ಕೆಳಗಿನ ಡಬ್ಬಿಯನ್ನೇ ಹಿಡಿದುಕೊಂಡಿರುತ್ತದೆ. ಮತ್ತೆ ಮೆಶ್‌ಗೆ ಸೇರಿದ ಫೋನಿನಿಂದ ಪ್ರಿಂಟರ್ ಕಾಣುವುದಿಲ್ಲ. ಅದು ಫೈಬರ್ ಕಂಪನಿಯ ಹಳೆ ವೈಫೈಯಲ್ಲೇ ಇದೆ.

ತಂತಿಪ್ರಿಯ:

ಪ್ರಿಂಟರ್ ವಿಷಯ ಮೊದಲು. ಮನೆಯಲ್ಲಿ ಎರಡು ರೂಟರ್ ಕೆಲಸ ಮಾಡುತ್ತಿವೆ, ಫೈಬರ್ ಡಬ್ಬಿಯೂ ಒಂದು, ಮೆಶ್‌ನ ಮೊದಲ ಡಬ್ಬಿಯೂ ಒಂದು. ಎರಡೂ ಬೇರೆ ಬೇರೆ ಐಪಿ (ನೆಟ್‌ವರ್ಕ್ ವಿಳಾಸ) ಹಂಚುತ್ತಿವೆ, ಅದಕ್ಕೇ ಒಂದರಲ್ಲಿರುವುದು ಇನ್ನೊಂದಕ್ಕೆ ಕಾಣುವುದಿಲ್ಲ. ಸುಲಭದ ದಾರಿ ಅಂದರೆ ಮೆಶ್ ಆ್ಯಪ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸುವುದು, ಆಗ ಮೆಶ್ ರೂಟರ್ ಕೆಲಸ ಬಿಟ್ಟು ಬರೀ ವೈಫೈ ಕೊಡುತ್ತದೆ. ಮಕ್ಕಳ ಸಮಯ ನಿಯಂತ್ರಣದಂಥ ಕೆಲವು ಸೌಲಭ್ಯ ಆಗ ಹೋಗಬಹುದು. ಅದು ಬೇಕೇ ಬೇಕು ಅಂದರೆ ಕಂಪನಿಯವರಿಗೆ ಫೋನ್ ಮಾಡಿ ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ಅದು ರೂಟರ್ ಕೆಲಸ ಬಿಡುವಂತೆ) ಹಾಕಿಸಿ, ಇಂಟರ್ನೆಟ್ ಲಾಗಿನ್ ವಿವರ ಇಸ್ಕೊಂಡು ಮೆಶ್‌ನಲ್ಲಿ ತುಂಬಿ. ಯಾವುದೇ ಆದರೂ ಫೈಬರ್ ಡಬ್ಬಿಯ ವೈಫೈ ಆಫ್ ಮಾಡಿ ಪ್ರಿಂಟರನ್ನು ಮೆಶ್‌ಗೆ ಸೇರಿಸಿ. ಒಂದೇ ಜಾಗದಲ್ಲಿ ಎರಡು ವೈಫೈ ಕೂಗಾಡಿದರೆ ಎರಡೂ ಕೆಡುತ್ತವೆ.

ಫೋನು ಯಾವ ಡಬ್ಬಿಗೆ ಹೋಗಬೇಕು ಅಂತ ತೀರ್ಮಾನಿಸುವುದು ಫೋನೇ, ಮೆಶ್ ಬರೀ ಸಲಹೆ ಕೊಡುತ್ತದೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬೇಗ ದಾಟಿಸುವ ಫಾಸ್ಟ್ ರೋಮಿಂಗ್ ಆನ್ ಮಾಡಿ ನೋಡಿ. ಹಳೆಯ ಬಲ್ಬ್, ಪ್ರಿಂಟರ್ ಕನೆಕ್ಟ್ ಆಗದೆ ಹಟ ಮಾಡಿದರೆ ಅವಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ ಬೇರೆ ಹೆಸರಿನ ನೆಟ್‌ವರ್ಕ್ ಕೊಡಿ. ಇಷ್ಟಾದರೂ ಅಂಟಿಕೊಂಡರೆ ಕೆಳಗಿನ ಡಬ್ಬಿಯ ಪವರ್ ಒಂದು ಹಂತ ಇಳಿಸಿ. ಸಿಗ್ನಲ್ ಜೋರಿದ್ದಷ್ಟೂ ಫೋನು ಅದನ್ನು ಬಿಡುವುದಿಲ್ಲ.

ಮೇಲ್ಮಹಡಿ:

ಆಕ್ಸೆಸ್ ಪಾಯಿಂಟ್ ಮಾಡಿದೆ, ಪ್ರಿಂಟರ್ ಸಿಕ್ಕಿತು! ಕೊನೆಯದೊಂದು, ಆ್ಯಪ್‌ನಲ್ಲಿ 160 ಮೆಗಾಹರ್ಟ್ಸ್ ಅಂತ ಇದೆ. ಆನ್ ಮಾಡಿದರೆ ಇನ್ನೂ ಸ್ಪೀಡ್ ಆಗುತ್ತದಾ?

ತಂತಿಪ್ರಿಯ:

300ರ ಪ್ಲಾನಿಗೆ ಬೇಡ. ಅದು ವೈಫೈ ಚಾನೆಲ್‌ನ ಅಗಲ. 80 ಮೆಗಾಹರ್ಟ್ಸ್‌ನಲ್ಲೇ ಎರಡು ಆಂಟೆನಾದ ವೈಫೈ 6 ಫೋನಿಗೆ 1201 ಎಂಬಿಪಿಎಸ್‌ನ ಲಿಂಕ್ ಸಿಗುತ್ತದೆ, ಅದರಲ್ಲಿ ಅರ್ಧ ಕೈಗೆ ಬಂದರೂ ನಿಮ್ಮ ಪ್ಲಾನಿಗಿಂತ ಜಾಸ್ತಿ. 5 ಗಿಗಾಹರ್ಟ್ಸ್‌ನಲ್ಲಿ 160 ಬೇಕಾದರೆ ರಾಡಾರ್ ಜೊತೆ ಹಂಚಿಕೊಳ್ಳುವ ಚಾನೆಲ್‌ಗಳೂ ಸೇರಬೇಕು. ಭಾರತದಲ್ಲಿ 2018ರಿಂದ ಅವು ಲೈಸೆನ್ಸ್ ಇಲ್ಲದೆ ಬಳಕೆಗೆ ಮುಕ್ತ, ನಿಜ. ಆದರೆ ಡಬ್ಬಿ ರಾಡಾರ್ ಸುಳಿವು ಕಂಡ ಕೂಡಲೇ ಚಾನೆಲ್ ಖಾಲಿ ಮಾಡಬೇಕು, ಹೊಸದರಲ್ಲಿ ಕೂರುವ ಮುನ್ನ ಒಂದು ನಿಮಿಷ ಸುಮ್ನೆ ಕೇಳಿಸಿಕೊಳ್ಳಬೇಕು. ಯಜಮಾನರ ಮೀಟಿಂಗ್ ನಡುವೆ ಹಾಗಾದರೆ ಕಷ್ಟ ಅಲ್ವಾ. 80ರಲ್ಲೇ ಇರಲಿ, ಚಾನೆಲ್ 36 ಅಥವಾ 149 ಹಾಕಿ, ಅಕ್ಕಪಕ್ಕದವರು ಕಡಿಮೆ ಇರುವ ಕಡೆ. 2.4ಕ್ಕೆ 1, 6, 11ರಲ್ಲಿ ಒಂದು.

ಟೆರೇಸ್ ಕೇಬಲ್ ಎಳೆಸುವಾಗ ಒಂದರ ಬದಲು ಎರಡು ಎಳೆಸಿಬಿಡಿ. ಕೂಲಿ ಅದೇ ಆಗುತ್ತದೆ, ಇಲಿ ಒಂದನ್ನು ಕಡಿದರೂ ಇನ್ನೊಂದು ಇರುತ್ತದೆ. ಹಾಕಿದ ಮೇಲೆ ಲಿಂಕ್ ಸ್ಪೀಡ್ ಎಷ್ಟು ಬಂತು ಅಂತ ಇಲ್ಲೇ ತಿಳಿಸಿ.